ಕುಂಕುಮ ಹಚ್ಚಿದ ಕೊಂಡಿ

ದೇವಿರಮ್ಮನ ಬಾಯಿ ಜೋರು ಅಂತ ನನ್ನ ಬಗ್ಗೆ ಪೂರಿಗಾಲಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಹದಿನಾಲ್ಕು ಹೆಣ್ಣಾಳುಗಳನ್ನು ಕಟ್ಟಿಕೊಂಡು ಊರೂರಿಗೆ ನಾಟಿಗೆ, ಕಳೆಗೆ ಹೋಗುವವಳು ಮೆತ್ತಗೆ ಮಾತಾಡಿದರೆ ಕೆಲಸ ನಡೆಯುತ್ತದೆಯೇ?

ನಾವು ಹೋಗುವುದು ನನ್ನ ಮೈದುನ ಚಲುವರಾಜುವಿನ ಟ್ರ್ಯಾಕ್ಟರಿನ ಹಿಂದೆ, ಟ್ರೈಲರಿನಲ್ಲಿ. ಹನ್ನೊಂದು ವರ್ಷದ ಹಿಂದೆ ಸೋಮನಹಳ್ಳಿ ಹತ್ತಿರ ಕಬ್ಬಿನ ಟ್ರೈಲರೊಂದು ಟ್ರ್ಯಾಕ್ಟರಿಗೆ ಸಿಕ್ಕಿಸಿದ ಕೊಂಡಿ ಕಳಚಿಕೊಂಡು ನಮ್ಮ ಬಸ್ಸಿನ ಮುಂದೆಯೇ ಹಳ್ಳಕ್ಕೆ ಇಳಿಯಿತು. ಅವತ್ತಿನಿಂದ ನಾನು ಕೊಂಡಿ ನೋಡಿ "ಹತ್ತಿ" ಅನ್ನುವ ತನಕ ನಮ್ಮವರು ಒಬ್ಬರೂ ಹತ್ತುವಂತಿಲ್ಲ. ಪಿನ್ನು ಸವೆದಿದೆಯಾ, ಅದು ಹಾರದಂತೆ ಹಾಕುವ ಕ್ಲಿಪ್ಪು ಇದೆಯಾ, ಇಲ್ಲ ಮೊಳೆ ಸಿಕ್ಕಿಸಿದ್ದಾನಾ, ಎಲ್ಲ ನೋಡುತ್ತೇನೆ. ಆ ಪಿನ್ನು ತೂರುವ, ಟ್ರೈಲರಿನ ಮೂತಿಯಲ್ಲಿರುವ ಕಬ್ಬಿಣದ ಬಳೆಯನ್ನು ಕುಡುಗೋಲಿನ ಬೆನ್ನಿನಿಂದ ಬಡಿದೂ ನೋಡುತ್ತೇನೆ, ಸಂತೆಯಲ್ಲಿ ಮಡಕೆ ಬಡಿದು ಕೊಳ್ಳುವ ಹಾಗೆ.

ಆಯುಧಪೂಜೆ ಕಳೆದ ಮೂರನೇ ದಿನ ಬೆಳಕವಾಡಿಯಲ್ಲಿ ಕಳೆ ಕೀಳುವ ಕೆಲಸ ಒಪ್ಪಿಕೊಂಡಿದ್ದೆ. ಚಲುವರಾಜು ಪ್ರತಿ ವರ್ಷದಂತೆ ಹಬ್ಬಕ್ಕೆ ಕೊಂಡಿಗೂ ಬಣ್ಣ ಬಳಿದು, ಕುಂಕುಮ ಹಚ್ಚಿ, ಹೂ ಸುತ್ತಿದ್ದ. ಹಳೇ ಬಣ್ಣ ಕೆರೆಯುವ ಮಾತಿಲ್ಲ, ಅದರ ಮೇಲೇ ಇನ್ನೊಂದು ಕೈ. ನಾನು ಬಳೆಗೆ ಬಡಿದೆ. ದೊಬ್ ಅಂದಿತು. ಹಬ್ಬಕ್ಕೆ ಮುಂಚೆ ಅದರ ಸದ್ದು ಹಾಗಿರಲಿಲ್ಲ.

ಬಣ್ಣ ದಪ್ಪವಾಗಿದೆ, ಅದಕ್ಕೇ ಹಾಗೆ ಅಂದ ಚಲುವರಾಜು. ಹಾಗಾದರೆ ಕೆರೆದು ನೋಡೋಣ ಅಂದೆ. ಅವನ ಮುಖ ಕೆಂಪಾಯಿತು. ಪೂಜೆಯಾದ ಕಬ್ಬಿಣಕ್ಕೆ ಹಾಕಿದ ಹೂ ತಾನಾಗಿ ಉದುರುವ ತನಕ ಇನ್ನೊಂದು ಕಬ್ಬಿಣ ತಾಗಿಸಬಾರದು ಅನ್ನುವುದು ಅತ್ತೆಯ ಕಾಲದಿಂದ ನಮ್ಮ ಮನೆಯ ಪದ್ಧತಿ.

"ಬಡ್ದಿದ್ದೇ ತಪ್ಪು, ಇನ್ನು ಕೆರಿತೀಯಾ ಅತ್ಗೆ? ಮನೆಗೆ ಒಳ್ಳೇದಾದದಾ?" ಅಂದ.

ಆಳುಗಳೂ ಅವನ ಕಡೆಯೇ. ದೇವರ ಮುಂದೆ ಇಟ್ಟಿದ್ದಕ್ಕೆ ಏನಾಗುತ್ತದೆ, ಹೊತ್ತಾಯಿತು ನಡಿ ಅಂತ ಚಿಕ್ಕಮಾದಮ್ಮ ಗೊಣಗಿದಳು. ಬೆಳಕವಾಡಿಯ ಗದ್ದೆಯವನು ಆಗಲೇ ಎರಡು ಸಲ ಫೋನ್ ಮಾಡಿದ್ದ. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಅಳುಕು. ಏನೂ ಸಿಗದಿದ್ದರೆ ಪೂಜೆ ಕೆಡಿಸಿದವಳು ಅನ್ನುವ ಹೆಸರು ಸಾಯುವ ತನಕ ಬಿಡುವುದಿಲ್ಲ. ಆದರೂ ಹದಿನಾಲ್ಕು ಜನ ಹತ್ತುವುದು ನನ್ನ ಮಾತು ನಂಬಿ. ಮನಸ್ಸಿನಲ್ಲೇ ಕೈಮುಗಿದು, ಹೂ ತೆಗೆದಿಟ್ಟು ಕೆರೆಯಲು ಕೂತೆ.

ಕೆಂಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಮತ್ತೆ ಕೆಂಪು. ಅದೂ ಹೋದ ಮೇಲೆ ಕೂದಲೆಳೆಯಷ್ಟು ಸೀಳು ಕಂಡಿತು. ಬಣ್ಣದ ಕೆಳಗೇ ಬೆಳೆದು ಅರ್ಧ ಬಳೆಯನ್ನು ಸುತ್ತಿಕೊಂಡಿತ್ತು, ಒಳಗೆಲ್ಲ ತುಕ್ಕು.

ಚಲುವರಾಜು ಬಗ್ಗಿ ನೋಡಿದವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಮೊನ್ನೆ ಪೂಜೆ ಆದ್ಮೇಲೆ ಬೀದಿ ಐಕ್ಳನ್ನೆಲ್ಲ ಇದ್ರಲ್ಲೇ ಕೂರಿಸ್ಕಂಡು ನಾಲೆ ಏರಿ ಮ್ಯಾಲೆ ಒಂದು ರೌಂಡ್ ಓಗಿದ್ದೆ ಕಣತ್ಗೆ. ನಮ್ ಮೋಹಿನಿನೂ ಇದ್ಲು."

ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಮಗಳ ಹೆಸರು ಹೇಳುವಾಗ ಅವನ ಗಲ್ಲ ನಡುಗಿದ್ದನ್ನು ನೋಡಿ ನುಂಗಿಕೊಂಡೆ.

"ಏನೂ ಆಗ್ನಿಲ್ವಲ್ಲ ಬುಡು. ಎದ್ದೇಳ್ಲಾ," ಅಂದೆ.

ವೆಲ್ಡಿಂಗ್ ಮಾಡಿಸಲಾ ಅಂತ ಕೇಳಿದ. ತೇಪೆ ಹಾಕುವುದಕ್ಕೆ ಇದೇನು ಸೀರೆಯಾ, ಹೊಸದೇ ಹಾಕಿಸು ಅಂದೆ. ಅವನು ಬಳೆ ಬಿಚ್ಚಿಕೊಂಡು ಬೈಕಿನಲ್ಲಿ ಮಳವಳ್ಳಿಗೆ ಹೋದ. ನಾವು ಬಸ್ಸಿನಲ್ಲಿ ಬೆಳಕವಾಡಿಗೆ ಹೋಗಿ, ಗದ್ದೆಯವನ ಮಾತು ಕೇಳಿಸಿಕೊಂಡು, ಒಂದು ಗಳಿಗೆಯೂ ಕೂರದೆ ಕೆಲಸ ಮುಗಿಸಿದೆವು. ಅಂದು ಯಾರೂ ಗೊಣಗಲಿಲ್ಲ.

ಸಂಜೆ ಚಲುವರಾಜು ಟ್ರೈಲರ್ ಕಟ್ಟಿಕೊಂಡು ಗದ್ದೆ ಹತ್ತಿರವೇ ಬಂದ. ಹೊಸ ಬಳೆ, ಹೊಸ ಪಿನ್ನು. ಕೊಂಡಿ ಕಳಚಿದರೂ ಟ್ರೈಲರ್ ಹಿಡಿದಿರಲಿ ಅಂತ, ನಾನು ಹೇಳದಿದ್ದರೂ ಅಕ್ಕಪಕ್ಕ ಎರಡು ಸರಪಳಿ ಬೇರೆ ಹಾಕಿಸಿದ್ದ.

"ನೀನು ನೋಡಗಂಟ ಬಣ್ಣ ಬಳಿಯಕಿಲ್ಲ ಕಣತ್ಗೆ," ಅಂದ.

ಬಡಿದೆ. ಠಣ್ ಅಂದಿತು. "ಹತ್ತಿ" ಅಂದೆ.

ಉಳಿದವರು ಹರಟುತ್ತಲೋ ತೂಕಡಿಸುತ್ತಲೋ ಹೋದರೆ, ನಾನು ಯಾವಾಗಲೂ ಮುಂದಿನ ಕಂಬಿ ಹಿಡಿದು ಕೊಂಡಿಯ ಮೇಲೇ ಕಣ್ಣಿಟ್ಟು ನಿಲ್ಲುವವಳು. ಅಂದು ಕಾಲು ನೋಯುತ್ತಿದೆ ಅಂತ ಒಂದು ನಿಮಿಷ ಕೂತೆ. ಆಮೇಲೆ ಗೊತ್ತಾಗಿದ್ದು ಚಿಕ್ಕಮಾದಮ್ಮ ಭುಜ ಅಲ್ಲಾಡಿಸಿ, ಪೂರಿಗಾಲಿ ಬಂತು ಏಳಕ್ಕ ಅಂದಾಗಲೇ. ದಾರಿಯುದ್ದಕ್ಕೂ ಗೊರಕೆ ಹೊಡೆದೆನಂತೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ನಾನು ಟ್ರೈಲರಿನಲ್ಲಿ ನಿದ್ದೆ ಮಾಡಿದ್ದು ಅದೇ ಮೊದಲು.