ಮುಚ್ಚಿದ ಮಹಡಿ, ಭಾಗ ಎರಡು

‘ಮುಚ್ಚಿದ ಮಹಡಿ’ ಧಾರಾವಾಹಿಯ ಎರಡನೇ ಭಾಗ ಶುರುವಾದ ಸೋಮವಾರ ಸಂಜೆ, ಬಿಂದುಶ್ರೀ ಹಿಟ್ಟು ಮೆತ್ತಿದ ಕೈಯಲ್ಲೇ ಅಡುಗೆಮನೆಯಿಂದ ಬಂದು ಟಿವಿ ಮುಂದೆ ನಿಂತಳು. ಹೆಸರುಗಳು ಒಂದೊಂದಾಗಿ ಬಂದವು. ಕಲಾವಿದರು, ಕ್ಯಾಮೆರಾ, ಸಂಗೀತ, ಸಂಭಾಷಣೆ. ಕೊನೆಗೆ ದಪ್ಪ ಅಕ್ಷರದಲ್ಲಿ ‘ಕಥೆ, ಚಿತ್ರಕಥೆ, ನಿರ್ದೇಶನ: ಚಕ್ರಪಾಣಿ’. ಅವಳ ಹೆಸರು ಎಲ್ಲೂ ಇರಲಿಲ್ಲ. ಮಂಚದ ಮೇಲೆ ಕೂತಿದ್ದ ಅಮ್ಮ ಶಕುಂತಲಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ತಾವೇ ಸರಿಯಾಗಿ ಓದಲಿಲ್ಲವೇನೋ ಎನ್ನುವ ಹಾಗೆ.

ಆ ಕಥೆ ಹುಟ್ಟಿದ್ದು ಚಾಮರಾಜಪೇಟೆಯ ಈ ಮನೆಯಲ್ಲೇ. ಶಕುಂತಲಮ್ಮ ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಅವರ ವಾರ್ಡಿನಲ್ಲಿ ತಾಯಮ್ಮ ಅಂತ ಒಬ್ಬ ಹೆಂಗಸಿದ್ದಳು. ಸೇರಿಸಿ ಹೋದ ಮನೆಯವರು ತಿರುಗಿ ನೋಡಿರಲಿಲ್ಲ. ರೋಗಿಗಳನ್ನು ನೋಡಲು ಬರುವವರನ್ನು ಒಳಗೆ ಬಿಡುತ್ತಿದ್ದುದು ಸಂಜೆ ನಾಲ್ಕಕ್ಕೆ. ತಾಯಮ್ಮ ದಿನಾ ಆ ಹೊತ್ತಿಗೆ ಸರಿಯಾಗಿ ತಲೆ ಬಾಚಿ, ಜಡೆ ಹೆಣೆದುಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅವಳು ಸತ್ತ ಮೇಲೂ ಎಷ್ಟೋ ದಿನ ನಾಲ್ಕು ಗಂಟೆಗೆ ಬಾಚಣಿಗೆಯ ಸದ್ದು ಕೇಳುತ್ತದೆ ಅಂತ ಪಕ್ಕದ ಹಾಸಿಗೆಯವರು ಹೇಳುತ್ತಿದ್ದರಂತೆ. ಧಾರಾವಾಹಿಗೆ ಕಥೆ ಬರೆಯುವಾಗ ಬಿಂದುಶ್ರೀ ಆ ಸದ್ದನ್ನು ಬಸವನಗುಡಿಯ ಒಂದು ಹಳೇ ಮನೆಯ ಮಹಡಿಗೆ ತಂದಳು. ಹಾಡುಹಗಲು ಬರುವ ದೆವ್ವವನ್ನು ಜನ ಮುಗಿಬಿದ್ದು ನೋಡಿದರು. ಮೊದಲ ಭಾಗದಲ್ಲಿ ಕಥೆಗಾರ್ತಿ ಅಂತ ಅವಳ ಹೆಸರು ಸಣ್ಣ ಅಕ್ಷರದಲ್ಲಾದರೂ ಬರುತ್ತಿತ್ತು.

ಎರಡನೇ ಭಾಗದ ಕಥೆಯನ್ನು ಅವಳು ಗಾಂಧಿನಗರದ ಆಫೀಸಿನಲ್ಲಿ ಮೂರು ದಿನ ಕೂತು ಚಕ್ರಪಾಣಿಗೆ ಬಾಯಲ್ಲೇ ಹೇಳಿದ್ದಳು. ಅವನು ಮೊಬೈಲಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡ. ಆಮೇಲೆ ಅವಳ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಹೆಸರು ಬಿಟ್ಟುಹೋಗಿದ್ದನ್ನು ಕೇಳಲು ಹೋದಾಗ ಕೂತ ಜಾಗದಿಂದ ಏಳಲೂ ಇಲ್ಲ.

“ದೆವ್ವದ ಕಥೆಗೆಲ್ಲ ಕಥೆಗಾರರು ಬೇಕೇನಮ್ಮಾ? ಎಲ್ಲರ ಮನೇಲೂ ಒಂದೊಂದು ಇರತ್ತೆ” ಅಂದ.

ಅದೇ ವಾರ ಒಂದು ಸಂದರ್ಶನದಲ್ಲಿ, ಇದು ಚಿಕ್ಕವನಿದ್ದಾಗ ತನ್ನ ಅಜ್ಜಿ ಹೇಳಿದ ಕಥೆ ಅಂತಲೂ ಹೇಳಿಕೊಂಡ. ಶಕುಂತಲಮ್ಮ ಟಿವಿ ಆರಿಸಿದರು. ಆಮೇಲೆ ಅಂದರು, “ನನ್ನ ವಾರ್ಡನ್ನ ಅವನಜ್ಜಿಗೆ ಕೊಟ್ಬಿಟ್ನಲ್ಲೇ. ಇವನನ್ನ ಸುಮ್ನೆ ಬಿಡಬೇಡ ಬಿಂದು.”

ಕೋರ್ಟಿಗೆ ಹೋಗಲು ಅವಳ ಕೈಲಿ ಒಂದು ಚೂರು ಕಾಗದವೂ ಇರಲಿಲ್ಲ. ಇದ್ದದ್ದು ಒಂದು ಪುಟ್ಟ ಯೂಟ್ಯೂಬ್ ಚಾನೆಲ್. ಸಿನಿಮಾ, ಧಾರಾವಾಹಿ ನೋಡಿ, ಕಥೆ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ಪ್ರತಿ ಶನಿವಾರ ಹೇಳುತ್ತಿದ್ದಳು. ಮುಖ ತೋರಿಸುತ್ತಿರಲಿಲ್ಲ, ದನಿ ಮಾತ್ರ. ದೆವ್ವದ ಸಿನಿಮಾಗಳ ಎರಡನೇ ಭಾಗಗಳು ಯಾಕೆ ನೆಲಕಚ್ಚುತ್ತವೆ ಅನ್ನುವುದು ಅವಳ ಮೆಚ್ಚಿನ ವಿಷಯ. ಮೊದಲ ಭಾಗದಲ್ಲಿ ದೆವ್ವಕ್ಕೆ ಏನೋ ಬೇಕಾಗಿರುತ್ತದೆ, ಎರಡನೆಯದರಲ್ಲಿ ದೆವ್ವವೇ ಬೇಕಾಗಿರುವುದು ನಿರ್ಮಾಪಕನಿಗೆ ಮಾತ್ರ ಅನ್ನುತ್ತಿದ್ದಳು.

ಆ ಶನಿವಾರ ‘ಮುಚ್ಚಿದ ಮಹಡಿ 2’ನ್ನು ಕೈಗೆತ್ತಿಕೊಂಡಳು. ಬೈಯಲಿಲ್ಲ. ಮೊದಲ ವಾರ ಚೆನ್ನಾಗಿದೆ, ಕಥೆ ಕಟ್ಟಿದವರಿಗೆ ಕೆಲಸ ಗೊತ್ತಿದೆ ಅಂತ ಹೊಗಳಿದಳು. ಹೊಗಳಿದ್ದು ತನ್ನ ಕೆಲಸವನ್ನೇ. ಕೊನೆಯಲ್ಲಿ ನಿಧಾನಕ್ಕೆ ಹೇಳಿದಳು: ಆ ಮನೆಯಲ್ಲಿ ದಿನಾ ದೀಪ ಹಚ್ಚಿ ಎಲ್ಲರಿಗೂ ಧೈರ್ಯ ಹೇಳುವ ಅಜ್ಜಿ ಇದ್ದಾಳಲ್ಲ, ಮಹಡಿಗೆ ಬೀಗ ಹಾಕಿದವಳು ಅವಳೇ. ಕಥೆ ನಡೆಯುತ್ತಿರುವ ರೀತಿ ನೋಡಿದರೆ ಬೇರೆ ಯಾರೂ ಆಗಲು ಸಾಧ್ಯವಿಲ್ಲ.

ಮುಂದಿನ ಗುರುವಾರದ ಎಪಿಸೋಡಿನಲ್ಲಿ ಅಜ್ಜಿಯ ಸೆರಗಿನ ಗಂಟಿನಿಂದ ಬೀಗದಕೈ ಬಿತ್ತು. ಅಷ್ಟರಲ್ಲಿ ಬಿಂದುಶ್ರೀಯ ವಿಡಿಯೋ ಊರೆಲ್ಲ ಹರಡಿತ್ತು. ಮನೆಯ ಸೊಸೆ ನಿಜಕ್ಕೂ ದೆವ್ವದ ಮೊಮ್ಮಗಳು ಅಂತ ಮುಂದಿನ ಶನಿವಾರ ಹೇಳಿದಳು. ಅದನ್ನು ಎರಡು ತಿಂಗಳ ನಂತರ ಒಡೆಯಬೇಕಾಗಿದ್ದ ಗುಟ್ಟು ಅಂತ ಇಟ್ಟವಳೂ ಅವಳೇ.

ಚಕ್ರಪಾಣಿ ಗಾಬರಿಯಾದ. ಜನಕ್ಕೆ ಮೊದಲೇ ಗೊತ್ತಾದ ಗುಟ್ಟನ್ನು ಇಟ್ಟುಕೊಂಡು ಏನು ಮಾಡುವುದು? ಅದನ್ನು ಬಿಟ್ಟು ಸೊಸೆಗೆ ನೆನಪು ಹೋಯಿತು ಅಂತ ಮಾಡಿದ. ತನ್ನ ಕಥೆಯಲ್ಲಿ ಉಳಿದಿದ್ದ ಬೇರೆ ತಿರುವುಗಳನ್ನೂ ಬಿಂದುಶ್ರೀ ಮೊದಲೇ ಹೇಳಿಬಿಟ್ಟಳು. ಅಜ್ಜಿಗೆ ಒಬ್ಬಳು ಅವಳಿ ತಂಗಿ ಬಂದಳು. ಮಂತ್ರವಾದಿ ಬಂದ, ಅವನನ್ನು ಹಿಡಿಯಲು ಪೊಲೀಸ್ ಬಂದ. ಏಳನೇ ವಾರಕ್ಕೆ ದೆವ್ವ ಮದುವೆಮನೆಯಲ್ಲಿ ಕುಣಿಯಿತು. ಪ್ರತಿ ಶನಿವಾರ ಬಿಂದುಶ್ರೀ ಅದನ್ನೆಲ್ಲ ಎತ್ತಿಕೊಂಡು, ಒಂದೊಂದು ದೃಶ್ಯಕ್ಕೂ ಅದರ ಹಿಂದಿನದಕ್ಕೂ ಸಂಬಂಧ ಹೇಗೆ ಕಡಿದುಹೋಗಿದೆ ಅಂತ ಶಾಂತವಾಗಿ ಬಿಡಿಸಿ ಹೇಳುತ್ತಿದ್ದಳು. ಒಂದೂ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಬೇಕಾದ ಅಗತ್ಯವೂ ಇರಲಿಲ್ಲ. ಶಕುಂತಲಮ್ಮ ಎದುರಿಗೆ ಕೂತು ಒಂದೊಂದು ಮಾತಿಗೂ ತಲೆಯಾಡಿಸುವರು. ವರ್ಷಗಳಿಂದ ಅಮ್ಮ ಅಷ್ಟು ಖುಷಿಯಾಗಿದ್ದುದನ್ನು ಅವಳು ನೋಡಿರಲಿಲ್ಲ.

ವಕೀಲರ ನೋಟಿಸ್ ಕಳಿಸುತ್ತೇನೆ ಅಂತ ಚಕ್ರಪಾಣಿ ಯಾರ ಮೂಲಕವೋ ಹೆದರಿಸಿದ. ಬಿಂದುಶ್ರೀ ಕಾದಳು. ನೋಟಿಸ್ ಬರಲಿಲ್ಲ. ಕಥೆ ಹೊರಗೆ ಬಿತ್ತು ಅಂತ ದೂರಬೇಕಾದರೆ ಅದು ಅವಳಿಗೆ ಹೇಗೆ ಗೊತ್ತಿತ್ತು ಅನ್ನುವುದನ್ನು ಅವನೇ ಬಾಯಿಬಿಟ್ಟು ಹೇಳಬೇಕಾಗಿತ್ತು.

ಒಂಬತ್ತನೇ ವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಶರಣ್ಯ ಅಂತ, ಧಾರಾವಾಹಿಗೆ ಸಂಭಾಷಣೆ ಬರೆಯುವ ಹುಡುಗಿ. ಪ್ರತಿ ಶನಿವಾರ ವಿಡಿಯೋ ಬಂದ ತಕ್ಷಣ ಬರೆದದ್ದನ್ನೆಲ್ಲ ಹರಿದುಹಾಕಿ ಸೋಮವಾರದೊಳಗೆ ಹೊಸದು ಬರೆಯಬೇಕು, ಎರಡು ತಿಂಗಳಿಂದ ಸರಿಯಾಗಿ ಊಟ ಮಾಡಿಲ್ಲ ಅಂದಳು. ಕಥೆ ಯಾರದು ಅಂತ ಅವಳಿಗೆ ಗೊತ್ತಿತ್ತು. ರೆಕಾರ್ಡಿಂಗ್ ಕೇಳಿಯೇ ಅವಳು ಮೊದಲ ವಾರಗಳನ್ನು ಬರೆದದ್ದು.

“ಅಕ್ಕ, ಸಾರ್ ಮಾಡಿದ್ದು ತಪ್ಪು. ಆದ್ರೆ ಹೊಡೆತ ಬೀಳ್ತಿರೋದು ನನಗೆ. ಈ ಶನಿವಾರದಿಂದಾದ್ರೂ ನಿಲ್ಸಿ” ಅಂತ ಕೇಳಿಕೊಂಡಳು.

ಬಿಂದುಶ್ರೀ ಆ ಶನಿವಾರ ವಿಡಿಯೋ ಮಾಡಬಾರದು ಅಂದುಕೊಂಡಳು. ಶುಕ್ರವಾರ ಎಪಿಸೋಡ್ ಶುರುವಾಗಿ ಅವನ ಹೆಸರು ದಪ್ಪಗೆ ಬಂತು. ಶನಿವಾರ ಬೆಳಿಗ್ಗೆಯೇ ಮೈಕ್ ಮುಂದೆ ಕೂತಳು. ಅವತ್ತಿನದು ಎಲ್ಲಕ್ಕಿಂತ ಖಾರವಾದ ವಿಡಿಯೋ.

ನೋಡುವವರು ಕಡಿಮೆಯಾಗುತ್ತಾ ಬಂದು, ಟಿವಿ ಚಾನೆಲ್‌ನವರು ಸಂಜೆಯ ಧಾರಾವಾಹಿಯನ್ನು ಮಧ್ಯಾಹ್ನ ಎರಡೂವರೆಗೆ ತಳ್ಳಿದರು. ಆಗ ಚಕ್ರಪಾಣಿ ತಾನೇ ಫೋನ್ ಮಾಡಿ, ಗಾಂಧಿ ಬಜಾರಿನ ಒಂದು ಹೋಟೆಲಿಗೆ ಬರಲು ಕೇಳಿಕೊಂಡ. ಅವಳು ಹೋದಾಗ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಮೊದಲು ‘ಏನಮ್ಮಾ’ ಅನ್ನುತ್ತಿದ್ದವನು ಈಗ ‘ಬಿಂದುಶ್ರೀ ಅವರೇ’ ಅಂದ. ದೋಸೆ ತಣ್ಣಗಾಗುತ್ತಿದ್ದರೂ ಮುಟ್ಟಲಿಲ್ಲ. ಚಾನೆಲ್ ಇನ್ನು ಒಂದು ತಿಂಗಳು ಮಾತ್ರ ಕೊಟ್ಟಿದೆ, ಕಥೆಯನ್ನು ಹೇಗಾದರೂ ದಾರಿಗೆ ತರಬೇಕು, ಅವಳೇ ಬಂದು ಬರೆಯಬೇಕು ಅಂತ ಕೇಳಿದ.

“ನಾಳೆಯಿಂದಲೇ ಕಥೆ ಅಂತ ನಿಮ್ಮ ಹೆಸರು ಹಾಕ್ತೀವಿ. ದೊಡ್ಡದಾಗಿ.”

ಅವಳು ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

“ಈಗ ಓಡ್ತಿರೋ ಕಥೆ ನಿಮ್ಮದೇ ಸಾರ್. ಅವಳಿ ಅಜ್ಜಿ, ಮಂತ್ರವಾದಿ, ಆ ಡ್ಯಾನ್ಸು, ಎಲ್ಲಾ. ನಿಮ್ಮ ಹೆಸರೇ ಇರಲಿ. ಕೊನೇ ದಿನದವರೆಗೂ ಇರಲಿ.”

ಅವನ ಮುಖ ಕಪ್ಪಿಟ್ಟಿತು. ಅವಳು ಹೊರಗಿನ ಹೂವಿನ ಅಂಗಡಿಗಳ ಮುಂದೆ ಸರಸರ ನಡೆದು ಬಸ್ಸು ಹಿಡಿದಳು. ಮನೆಗೆ ಬಂದು ಹೇಳಿದಾಗ ಶಕುಂತಲಮ್ಮ ಅವನು ಹೇಗೆ ಕೂತಿದ್ದ, ಏನಂದ, ಮುಖ ಹೇಗಾಯಿತು ಅಂತ ಎರಡೆರಡು ಸಲ ಹೇಳಿಸಿಕೊಂಡರು.

ತಿಂಗಳ ಕೊನೆಗೆ ಎಲ್ಲವೂ ಸೊಸೆ ಕಂಡ ಕನಸು ಅಂತ ತೋರಿಸಿ ಧಾರಾವಾಹಿ ಮುಗಿಸಿದರು. ಚಕ್ರಪಾಣಿಯ ಹೆಸರು ಕೊನೆಯ ದಿನವೂ ಬಂತು. ಅವನ ಮೂರನೇ ಭಾಗವನ್ನು ಯಾವ ಚಾನೆಲ್ಲೂ ಕೇಳಲಿಲ್ಲ. ಮುಂದಿನ ಶನಿವಾರ ಬಿಂದುಶ್ರೀ ಮೊದಲ ಸಲ ಕ್ಯಾಮೆರಾ ಮುಂದೆ ಬಂದಳು, ಪಕ್ಕದಲ್ಲಿ ಅಮ್ಮನನ್ನು ಕೂರಿಸಿಕೊಂಡು. ಶಕುಂತಲಮ್ಮ ತಾಯಮ್ಮನ ಕಥೆಯನ್ನು ವಾರ್ಡಿನ ಹೆಸರು, ಹಾಸಿಗೆಯ ಸಂಖ್ಯೆ ಸಮೇತ ಹೇಳಿದರು. ಧಾರಾವಾಹಿ ನಿಜವಾಗಿ ಹೇಗೆ ಮುಗಿಯಬೇಕಿತ್ತು ಅನ್ನುವುದನ್ನು ಮಗಳು ಹೇಳಿದಳು.

ಆಮೇಲೆ ಮಲ್ಲೇಶ್ವರದ ಒಂದು ಕಂಪನಿಯವರು ಹೊಸ ಕಥೆ ಬರೆದುಕೊಡಲು ಕೇಳಿದರು. ಮೊದಲು ಕಾಗದದ ಮೇಲೆ ಸಹಿಯಾಗಬೇಕು ಅಂದಳು, ಆಯಿತು. ಸಂಭಾಷಣೆಗೆ ಶರಣ್ಯಳೇ ಬೇಕು ಅಂದಳು, ಅವರು ಅದಕ್ಕೂ ಒಪ್ಪಿದರು. ಬಿಂದುಶ್ರೀ ತಾನೇ ಫೋನ್ ಮಾಡಿ ಕರೆದಳು.

ಶರಣ್ಯ ಪೂರ್ತಿ ಕೇಳಿಸಿಕೊಂಡಳು. ಧಾರಾವಾಹಿ ನಿಂತಾಗಿನಿಂದ ತನಗೆ ಕೆಲಸ ಸಿಕ್ಕಿಲ್ಲ ಅಂತಲೂ ಹೇಳಿದಳು.

“ಆದ್ರೂ ನಿಮ್ ಜೊತೆ ಬೇಡ ಅಕ್ಕ. ನಾನು ಅಷ್ಟು ಕೇಳ್ಕೊಂಡ ಮೇಲೂ ನೀವು ಆ ಶನಿವಾರ ನಿಲ್ಲಿಸಲಿಲ್ಲ.”

ಫೋನ್ ಇಟ್ಟ ಮೇಲೆ ಅಮ್ಮ ಯಾರದು ಅಂತ ಕೇಳಿದರು. ಕೆಲಸದ ವಿಷಯ ಅಂದಳು ಬಿಂದುಶ್ರೀ. ಚಕ್ರಪಾಣಿಗೆ ಮಾಡಿದ್ದರ ಬಗ್ಗೆ ಅವಳಿಗೆ ಅವತ್ತೂ ಬೇಜಾರಿರಲಿಲ್ಲ, ಇವತ್ತೂ ಇಲ್ಲ. ಆದರೆ ಶರಣ್ಯಳ ಜಾಗಕ್ಕೆ ಬೇರೆ ಯಾರನ್ನೂ ಕರೆದಿಲ್ಲ, ಹೊಸ ಧಾರಾವಾಹಿಯ ಸಂಭಾಷಣೆಯನ್ನು ಬಿಂದುಶ್ರೀಯೇ ಬರೆಯುತ್ತಿದ್ದಾಳೆ.