ಶಾಲೆಯ ಬಾಗಿಲಿಗೆ ಬೇವು

೧೯೩೮ರ ಮಾರ್ಚಿನಲ್ಲಿ, ಹಿರೀಸಾವೆಯಿಂದ ಮೂರು ಮೈಲಿ ಒಳಗಿದ್ದ ಆ ಹಳ್ಳಿಯ ಶಾಲೆಗೆ ಮೇಲಿನಿಂದ ಒಂದು ಕಾಗದ ಬಂತು. ವಸಂತ ಋತುವಿನಲ್ಲಿ ತರಗತಿಯನ್ನು ಉಲ್ಲಾಸಕರವಾಗಿ ಇಡಲು ಸುಣ್ಣ, ಹೂವು, ಹಸಿರೆಲೆಗಳನ್ನು ಬಳಸತಕ್ಕದ್ದು, ಇನ್‌ಸ್ಪೆಕ್ಟರು ಬರುವ ಮಂಗಳವಾರ ಇಪ್ಪತ್ತು ಮಕ್ಕಳಾದರೂ ಹಾಜರಿಲ್ಲದಿದ್ದರೆ ಶಾಲೆಯನ್ನು ಹಿರೀಸಾವೆಗೆ ಸೇರಿಸಲಾಗುವುದು ಎಂದಿತ್ತು. ಎರಡೂ ಒಂದೇ ಹಾಳೆಯಲ್ಲಿದ್ದವು.

ಪಂಚಾಕ್ಷರಯ್ಯ ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಪಟ್ಟಿಯಲ್ಲಿದ್ದದ್ದು ಮೂವತ್ತೆರಡು ಹೆಸರು. ಹುಣಸೆ ಉದುರಿಸುವ ಕಾಲವಾದ್ದರಿಂದ ಬರುತ್ತಿದ್ದವರು ಹದಿನಾಲ್ಕು. ಶಾಲೆ ಹೋದರೆ ಗಂಡುಮಕ್ಕಳು ಹೇಗೋ ನಡೆದಾರು. ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳನ್ನು ಮೂರು ಮೈಲಿ ಕಳಿಸುವವರು ಊರಲ್ಲಿ ಯಾರೂ ಇರಲಿಲ್ಲ.

ಶನಿವಾರ ಅವರೇ ಗೋಡೆಗೆ ಸುಣ್ಣ ಬಳಿದು, ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದರು. ಮೂಲೆಯಲ್ಲಿ ಹೊಸ ಮಡಕೆಗೆ ನೀರು ತುಂಬಿ ಹೊಂಗೆ ಹೂ ತೇಲಿಬಿಟ್ಟರು. ತೋರಣಕ್ಕೆ ಮಾವಿನ ಸೊಪ್ಪು ಕೇಳಲು ಹೋದರೆ ಮರದ ಯಜಮಾನ ಚನ್ನಪ್ಪ, ಮಿಡಿ ಕಚ್ಚಿರುವ ಕಾಲದಲ್ಲಿ ಒಂದು ಕಡ್ಡಿಯನ್ನೂ ಮುರಿಯಗೊಡುವುದಿಲ್ಲವೆಂದ. ಬೇವು ಬೇಕಾದಷ್ಟಿದೆ ಎಂದೂ ಹೇಳಿದ. ಬೇವು ಹೂಬಿಟ್ಟು ಘಮ್ಮೆನ್ನುತ್ತಿತ್ತು. ಬರೀ ಬೇವನ್ನು ಮನೆಬಾಗಿಲಿಗೆ ಸಿಕ್ಕಿಸಿದರೆ ಒಳಗೆ ಅಮ್ಮ ಬಂದಿದ್ದಾಳೆ, ಅಂದರೆ ಸಿಡುಬಿದೆ ಎಂದರ್ಥವೆಂಬುದು ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಶಾಲೆ ಮನೆಯಲ್ಲವಲ್ಲ ಎಂದುಕೊಂಡು ಎರಡು ದೊಡ್ಡ ಗೊಂಚಲು ಕಟ್ಟಿದರು.

ಭಾನುವಾರ ಸಂಜೆ ಹೊಸ್ತಿಲ ಮೇಲೆ, ಅಮ್ಮನಿಗೆಂದು ಯಾರೋ ಇಟ್ಟುಹೋದ ಮೂರು ಕುಡಿಕೆ ಮೊಸರಿತ್ತು. ಸೋಮವಾರ ಒಂದು ಮಗುವೂ ಬರಲಿಲ್ಲ. ಅವರು ಗೊಂಚಲು ಬಿಚ್ಚಲು ಸ್ಟೂಲು ಹತ್ತಿದಾಗ ದೊಡ್ಡತಾಯಮ್ಮ ಬಂದಳು. ಊರಿಗೆ ಹಿರಿಯಳು; ಆಕೆಯ ಮೊಮ್ಮಗಳು ಚಿಕ್ಕಲಕ್ಷ್ಮಮ್ಮ ಆ ನಾಲ್ವರು ಹೆಣ್ಣುಮಕ್ಕಳಲ್ಲಿ ಒಬ್ಬಳು.

"ಕೆಳೀಕ್ ಇಳೀರಿ ಮೇಷ್ಟ್ರೇ. ಒಂದೆಲೆ ಮುಟ್ಬ್ಯಾಡಿ."

ಯಾರಿಗೂ ಏನೂ ಆಗಿಲ್ಲ, ಚೆಂದಕ್ಕೆ ಕಟ್ಟಿದ್ದೆಂದು ಮೇಷ್ಟ್ರು ಹೇಳಿದರು. ಕಾಗದವನ್ನೂ ತೋರಿಸಿದರು. ಆಕೆ ಕಾಗದ ನೋಡಲಿಲ್ಲ, ಕೆಮ್ಮಣ್ಣಿನ ಪಟ್ಟೆ ನೋಡಿದಳು, ನೀರಿನ ಮಡಕೆ ನೋಡಿದಳು.

"ಚೆಂದಕ್ಕೆ ಬೇವು ಕಟ್ಟೋರುಂಟಾ? ನೀವು ಕರದಿದ್ದೀರಿ, ಅವ್ಳು ಬಂದವ್ಳೆ. ಗುಡಿಯಂಗೆ ಪಟ್ಟೆ ಎಳ್ದು, ಮಡಕೆ ಇಟ್ಟು, ಬಾ ಅಂದು ಕೂರ್ಸಿ, ಈಗ ಓಗು ಅಂದ್ರೆ ಓದಾಳಾ? ನಾಳೀಕೆ ಮಂಗ್ಳವಾರ, ತಂಪು ಮಾಡಿ ಕಳಿಸ್ಬೇಕು."

ನಾಳೆ ಇನ್‌ಸ್ಪೆಕ್ಟರು ಬರುತ್ತಾರೆಂದು ಮೇಷ್ಟ್ರು ಹೇಳಿದರು. ಅವರೂ ಬರಲಿ ಎಂದಳು.

ತಂಪು ಮಾಡುವ ದಿನ ಅಮ್ಮ ಬಂದ ಸೂರಿನ ಕೆಳಗಿನ ಮಕ್ಕಳೆಲ್ಲ ಕೂತು ಮೊಸರನ್ನ ಉಣ್ಣಬೇಕು. ತಪ್ಪಿಸಿಕೊಂಡವರ ಮನೆಗೆ ಅಮ್ಮನೇ ಹುಡುಕಿಕೊಂಡು ಹೋಗುತ್ತಾಳೆ. ಇದನ್ನು ದೊಡ್ಡತಾಯಮ್ಮ ಸಂಜೆಯೊಳಗೆ ಮನೆಮನೆಗೂ ಹೇಳಿಬಂದಳು. ಹುಣಸೆಮರದ ಕೆಳಗೂ ಹೇಳಿದಳು.

ಮರುದಿನ ಹತ್ತು ಗಂಟೆಗೆ ಇನ್‌ಸ್ಪೆಕ್ಟರು ಗಾಡಿಯಿಂದಿಳಿದರು. ಪಟ್ಟಣದವರು. ಬೇವಿನ ಗೊಂಚಲು ನೋಡಿ, ಯುಗಾದಿಗೆ ಈಗಿಂದಲೇ ತಯಾರಿಯೋ ಎಂದು ಕೇಳಿದರು. ಮೇಷ್ಟ್ರು ಕೈ ಮುಗಿದರು. ಒಳಗೆ ಮಕ್ಕಳು ಮಿಂದು, ಹಣೆಗೆ ಅರಿಶಿನ ಹಚ್ಚಿಕೊಂಡು, ಎಲೆ ಮುಂದಿಟ್ಟುಕೊಂಡು ಕೂತಿದ್ದರು. ಇನ್‌ಸ್ಪೆಕ್ಟರು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಪಟ್ಟಿಯಲ್ಲಿ ಮೂವತ್ತೆರಡಿದೆ. ಇಲ್ಲಿ ಮೂವತ್ತೊಂಬತ್ತು ಇದ್ದಾರಲ್ಲ?"

ಏಳು ಚಿಕ್ಕವು, ಅಕ್ಕಂದಿರ ಜೊತೆ ಬಂದಿವೆ ಎಂದು ಮೇಷ್ಟ್ರು ಹೇಳಿದರು. ಮೊಸರನ್ನದ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡತಾಯಮ್ಮ ಇನ್‌ಸ್ಪೆಕ್ಟರ ಮುಂದೂ ಒಂದು ಎಲೆ ಹಾಕಿದಳು. ದೂರದಿಂದ ಬಂದವರು, ಉಂಡರು. ಉಂಡಮೇಲೆ ಏನೂ ಕೇಳಲಿಲ್ಲ. ಚಿಕ್ಕಲಕ್ಷ್ಮಮ್ಮನಿಂದ ನಾಲ್ಕು ಸಾಲು ಓದಿಸಿ, ಪುಸ್ತಕದಲ್ಲಿ ಬರೆದು ಗಾಡಿ ಹತ್ತಿದರು.

ಮೇಷ್ಟ್ರು ಗಟ್ಟಿಯಾಗಿ ಓದಿದರು: 'ಹಾಜರಿ ತೃಪ್ತಿಕರ. ಶಾಲೆಯನ್ನು ಇಲ್ಲಿಯೇ ಮುಂದುವರಿಸತಕ್ಕದ್ದು. ಊರವರ ಸಹಕಾರ ಶ್ಲಾಘನೀಯ. ಬಾಗಿಲಿನ ಅಲಂಕಾರವನ್ನು ಪ್ರತಿ ವಸಂತದಲ್ಲಿಯೂ ತಪ್ಪದೆ ಮಾಡತಕ್ಕದ್ದು.'

ದೊಡ್ಡತಾಯಮ್ಮ ಆಗಲೇ ಬೇವು ಬಿಚ್ಚಿ ಮೊರಕ್ಕೆ ಹಾಕಿಕೊಂಡಿದ್ದಳು, ಊರಾಚೆ ಬಿಟ್ಟುಬರಲು.

"ಕಟ್ಟಿ," ಅಂದಳು. "ಜೊತೇಗೆ ಮಾವಿನ ಸೊಪ್ಪು ಸೇರ್ಸಿ ಕಟ್ಟಿ. ಆಗ ಅದು ಉಗಾದಿ ಅಬ್ಬ, ಯಾರೂ ಎದ್ರಾಕಿಲ್ಲ."

ಎಲ್ಲರೂ ಮಕ್ಕಳ ಸಾಲಿನ ಕೊನೆಯಲ್ಲಿ ಉಣ್ಣುತ್ತ ಕೂತಿದ್ದ ಚನ್ನಪ್ಪನ ಕಡೆ ನೋಡಿದರು. ಅವನು ಎಲೆಗೆ ಅಂಟಿದ್ದ ಕೊನೆಯ ಅಗುಳನ್ನು ಬಳಿದು ಬಾಯಿಗಿಟ್ಟುಕೊಂಡ.

"ಒಂದ್ ಕಡ್ಡಿ," ಅಂದ. "ಜಾಸ್ತಿ ಮುರೀಬ್ಯಾಡಿ."