ಎಡಗಾಲಿನ ಕೆಲಸ

"ಹದಿನಾಲ್ಕು ವರ್ಷ ನನ್ನ ಗಾಡಿಯ ಕ್ಲಚ್ ತುಳಿದವ ನೀನು. ಇವತ್ತು ಕ್ಲಚ್ ಇಲ್ಲದ ಗಾಡಿಯೇ ಬೇಕು ಅಂತಿಯಲ್ಲ, ತಲೆ ಸರಿ ಉಂಟಾ ನಿಂಗೆ?"

"ತಲಿ ಸರಿ ಅದ. ನಿಮಗ ತಿಳೀವಲ್ದು, ಅಷ್ಟ" ಎಂದ ಡ್ರೈವರ್ ಮಾಪಣ್ಣ.

"ನಂಗೆ ತಿಳಿಯುವುದಿಲ್ವಾ? ಡೊಂಬಿವಲಿಗೆ ಬಂದು ಇಪ್ಪತ್ತೈದು ವರ್ಷ ಆಯ್ತು ಮಾರಾಯ. ಇಡ್ಲಿ ಮಾರಿ ಮಾರಿ ಗಾಡಿ ತಗೊಳ್ಳುವಷ್ಟು ಆದವ ನಾನು. ನಂಗೆ ತಿಳಿಯುವುದಿಲ್ಲ, ಇವನಿಗೆ ತಿಳೀತದೆ!"

ಗುಣಪಾಲ ಶೆಟ್ಟರ ಕೈಯಲ್ಲಿ ದೊಡ್ಡದೊಂದು ಸ್ಟೀಲ್ ತಪೇಲಿ ಇತ್ತು. ಅದನ್ನು ಅವರು ಡೊಂಬಿವಲಿಯಿಂದ ಬೇಲಾಪುರದವರೆಗೆ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. ಈಗ ಸಿಟ್ಟಿನಲ್ಲಿ ಅದನ್ನು ನೆಲಕ್ಕೆ ಕುಕ್ಕಿದರು. ಸದ್ದಿಗೆ ಅಂಗಳದ ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಬೇರೆ ಕಡೆ ಹೋಯಿತು.

ಅದು ಹಳೆಯ ವಾಹನ ಮಾರುವ ಅಂಗಳ. ಸಮುದ್ರದ ಕಡೆ ಏನೋ ಕಟ್ಟಲು ಬಂದಿದ್ದ ಪರದೇಶದ ಕಂಪನಿಯೊಂದು ಕೆಲಸ ಮುಗಿಸಿ ಹೋಗುವಾಗ ತನ್ನ ಗಾಡಿಗಳನ್ನು ಇಲ್ಲೇ ಬಿಟ್ಟಿತ್ತು. ಅವುಗಳಲ್ಲಿ ಒಂದು ಬಿಳಿ ಪಿಕಪ್, ಜಪಾನಿನದು. ಎರಡೇ ಪೆಡಲ್, ಗೇರು ತನ್ನಷ್ಟಕ್ಕೆ ಬೀಳುತ್ತದೆ. ಪಕ್ಕದಲ್ಲಿ ಇಲ್ಲಿಯದೇ ಒಂದು ಹಸಿರು ಪಿಕಪ್. ಮೂರು ಪೆಡಲ್, ನಾಲ್ಕು ಗೇರು. ಬೆಲೆಯಲ್ಲಿ ಹೆಚ್ಚು ಕಡಿಮೆ ಇಲ್ಲ ಎಂದು ದಲ್ಲಾಳಿ ಕಮಲಾಕ್ಷ ಮೊದಲೇ ಹೇಳಿದ್ದ. ಅವನು ಉಡುಪಿಯ ಕಡೆಯವನು, ನೆರೂಳದಲ್ಲಿ ಮನೆ ಮಾಡಿದ್ದ. ಯಾವ ಗಾಡಿ ಹೋದರೂ ಅವನಿಗೆ ಒಂದೇ. ಹಾಗಾಗಿ ಜಗಳವನ್ನು ಆರಾಮಾಗಿ ನೋಡುತ್ತಾ ನಿಂತಿದ್ದ.

"ಬ್ಯಾಟರಿ ಕೂತರೆ ಇದನ್ನು ದೂಡಿ ಸ್ಟಾರ್ಟ್ ಮಾಡ್ಲಿಕ್ಕೆ ಆಗ್ತದಾ? ಕೇಳು ಕಮಲಾಕ್ಷನನ್ನು" ಎಂದರು ಶೆಟ್ಟರು.

"ಆಗೂದಿಲ್ಲ ಶೆಟ್ರೆ. ಧಕ್ಕಾ ಸ್ಟಾರ್ಟ್ ಇಲ್ಲ ಇದಕ್ಕೆ."

"ಕೇಳಿದ್ಯಾ? ಬೆಳಿಗ್ಗೆ ಐದೂವರೆಗೆ ಇಡ್ಲಿ ಬಿಸಿ ಬಿಸಿ ತುಂಬಿಸಿ ಇಟ್ಟು, ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ? ಫ್ಯಾಕ್ಟರಿಯವರು ಕಾಯ್ತಾರಾ?"

"ಬ್ಯಾಟರಿ ನಾ ನೋಡ್ಕೋತೀನಿ. ಶೀಲ್ ಫಾಟಾದ ಕೂಡುರಸ್ತ್ಯಾಗ ದಿನಾ ಅರ್ಧ ತಾಸು ಟ್ರಾಫಿಕ್ ಇರ್ತದ. ಕ್ಲಚ್ ಒತ್ತೂದು, ಬಿಡೂದು, ಒತ್ತೂದು, ಬಿಡೂದು. ಇದರಾಗ ಅದೇನೂ ಇಲ್ಲ. ಸಾಂಬಾರ್ ಅಳ್ಳಾಡಂಗಿಲ್ಲ."

"ನಿನ್ನ ಕೈಯಲ್ಲಿ ಅಲ್ಲಾಡಿದ್ದು ಯಾವಾಗ?"

ಮಾಪಣ್ಣ ಬಿಳಿ ಗಾಡಿಯ ಬಾಗಿಲು ತೆಗೆದು ಹಾಕಿ ನೋಡಿದ. ಶೆಟ್ಟರು ಹೇಳಿದ್ದು ನಿಜ. ತುರ್ಭೆ, ಮಹಾಪೆ, ರಬಾಳೆಯ ಆರು ಕ್ಯಾಂಟೀನುಗಳಿಗೆ ಶೆಟ್ಟರ ಇಡ್ಲಿ ಸಾಂಬಾರು ಹೋಗುತ್ತದೆ. ಸಾಂಬಾರಿನ ಪಾತ್ರೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಕಳಿಸುವುದು ವಾಡಿಕೆ. ಮಾಪಣ್ಣನ ಗಾಡಿಯಲ್ಲಿ ಆ ಬಟ್ಟೆಗೆ ಹಳದಿ ಹತ್ತುತ್ತಿರಲಿಲ್ಲ. ಶೆಟ್ಟರು ಹೊಸ ಡ್ರೈವರನ್ನು ಸೇರಿಸಿಕೊಳ್ಳುವಾಗ ಲೈಸೆನ್ಸು ಆಮೇಲೆ ನೋಡುತ್ತಿದ್ದರು. ಮೊದಲು ತಪೇಲಿಯ ಬಾಯಿಗಿಂತ ಎರಡು ಬೆರಳು ಕಡಿಮೆ ನೀರು ತುಂಬಿಸಿ ಹಿಂದೆ ಇಡಿಸಿ, ಒಂದು ಸುತ್ತು ಓಡಿಸು ಎನ್ನುತ್ತಿದ್ದರು. ಗಾಡಿಯ ಹಿಂದಿನ ತಗಡು ಒಣಗಿದ್ದರೆ ಪಾಸು. ಹದಿನಾಲ್ಕು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ಆರು ಜನ ಡ್ರೈವರುಗಳಲ್ಲಿ ಪಾಸಾದವನು ಆಳಂದದ ಕಡೆಯಿಂದ ಬಂದಿದ್ದ ಮಾಪಣ್ಣ ಒಬ್ಬನೇ. ಈಗ ಹಳೆಯ ಗಾಡಿ ಸವೆದು ಇನ್ನೊಂದು ಬೇಕಾಗಿತ್ತು. ಗಾಡಿಗೂ ಅದೇ ಪರೀಕ್ಷೆ. ಅದಕ್ಕೇ ಇವತ್ತು ತಪೇಲಿ ಬಂದಿದ್ದು.

ಮಾಪಣ್ಣ ಬಾಯಿಬಿಟ್ಟು ಹೇಳದ ಕಾರಣ ಅವನ ಎಡ ಮೊಣಕಾಲಿನಲ್ಲಿತ್ತು. ದೀಪಾವಳಿಯಿಂದ ಅದು ಊದಿಕೊಂಡೇ ಇತ್ತು. ಡೊಂಬಿವಲಿಯಿಂದ ತುರ್ಭೆಗೆ ಹೋಗಿ ಬರುವಷ್ಟರಲ್ಲಿ ನಾನೂರು ಸಲ ಕ್ಲಚ್ ತುಳಿಯಬೇಕು. ಒಂದು ದಿನ ಅವನು ಎಣಿಸಿದ್ದ. ಡೊಂಬಿವಲಿಗೆ ಹತ್ತಿರದ ಕಲ್ಯಾಣದಲ್ಲಿ, ಚಾಳಿನ ಕೋಣೆಯಲ್ಲಿ ಹೆಂಡತಿ ಸಾಬವ್ವ ದಿನಾ ಉಪ್ಪಿನ ಗಂಟು ಕಾಸಿ ಶಾಖ ಕೊಡುತ್ತಿದ್ದಳು. "ಶೆಟ್ರಿಗಿ ಹೇಳು. ಅವರೇನು ಹುಲಿ ಅಲ್ಲ" ಎನ್ನುತ್ತಿದ್ದಳು.

ಹುಲಿಯಾಗಿದ್ದರೆ ಹೇಳುತ್ತಿದ್ದ. ಶೆಟ್ಟರು ಒಳ್ಳೆಯವರು, ಅದೇ ತೊಂದರೆ. ಎರಡನೇ ಗಾಡಿಯ ಡ್ರೈವರ್ ಹುಲಗಪ್ಪ ಕಣ್ಣು ಮಂಜಾಗಿದೆ ಎಂದು ಹೇಳಿಕೊಂಡಾಗ ಶೆಟ್ಟರು ಅವನನ್ನು ಬಿಡಿಸಲಿಲ್ಲ. ಅದೇ ಸಂಬಳಕ್ಕೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯಲು ಕೂರಿಸಿದರು. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ ಈಗ ತುರಿಮಣೆಯ ಮೇಲೆ ಕಾಲು ಮಡಚಿ ಕೂತು, ಗಾಡಿಯ ಹಾರ್ನ್ ಕೇಳಿದಾಗಲೆಲ್ಲ ತಲೆ ಎತ್ತುತ್ತಿದ್ದ. ಮಾಪಣ್ಣ ಅವನ ಮುಖ ನೋಡುವುದನ್ನೇ ಬಿಟ್ಟಿದ್ದ.

"ಮಾತು ಸಾಕು. ಎರಡೂ ಓಡಿಸು, ನೋಡುವ" ಎಂದರು ಶೆಟ್ಟರು.

ಕಮಲಾಕ್ಷ ನಲ್ಲಿಯಿಂದ ನೀರು ತುಂಬಿಸಿ ತಪೇಲಿಯನ್ನು ಬಿಳಿ ಗಾಡಿಯ ಹಿಂದೆ ಇಟ್ಟ. ಮಾಪಣ್ಣನಿಗೆ ಲಿವರ್ ತೋರಿಸಿದ. "ಇಲ್ಲಿ ಇಟ್ರೆ ನಿಂತಿರ್ತದೆ, ಇಲ್ಲಿ ಇಟ್ರೆ ಹಿಂದೆ, ಇಲ್ಲಿ ಇಟ್ರೆ ಮುಂದೆ. ಮತ್ತೆ ಮುಟ್ಲಿಕ್ಕೇ ಹೋಗ್ಬೇಡ. ಎಡಗಾಲಿಗೆ ಛುಟ್ಟಿ. ಅದನ್ನು ಸೀಟಿನ ಬುಡದಲ್ಲಿ ಇಟ್ಟು ಮರೆತುಬಿಡು, ಬಸ್."

ಗಾಡಿ ಹೊರಟಿತು. ಶೆಟ್ಟರೂ ಕಮಲಾಕ್ಷನೂ ಮಾಪಣ್ಣನ ಪಕ್ಕ ಕೂತಿದ್ದರು. ಬೇಲಾಪುರದ ಹೊಸ ರಸ್ತೆ ಅಗಲವಾಗಿತ್ತು, ಖಾಲಿಯಾಗಿತ್ತು. ಎರಡೂ ಬದಿಗೆ ನಂಬರ್ ಬರೆದ ಕಲ್ಲುಗಳಿದ್ದವು. ಮನೆಗಳು ಇನ್ನೂ ಬಂದಿರಲಿಲ್ಲ. ಮಾಪಣ್ಣ ಎಡಗಾಲನ್ನು ಚಾಚಿ ಇಟ್ಟುಕೊಂಡ. ಮೊದಲ ಐದು ನಿಮಿಷದಲ್ಲೇ ಮೊಣಕಾಲಿನ ನೋವು ಇಳಿಯಿತು. ಗಾಡಿ ಓಡಿಸುತ್ತಾ ನೋವಿಲ್ಲದೆ ಕೂತು ಎಷ್ಟು ತಿಂಗಳಾಗಿತ್ತು ಎಂದು ಅವನಿಗೆ ಆಗ ತಿಳಿಯಿತು. ಕನ್ನಡಿಯಲ್ಲಿ ಹಿಂದೆ ನೋಡಿದ. ನೀರು ಅಲುಗದೆ ನಿಂತಿತ್ತು.

"ನೋಡ್ರಿ, ತೊಟ್ಟಿಲ ಇದ್ದಂಗ ಅದ."

"ಹ್ಞೂಂ" ಎಂದರು ಶೆಟ್ಟರು. ಅವರಿಗೂ ಹಿಡಿಸಿದ ಹಾಗಿತ್ತು.

ತಿರುವಿನಲ್ಲಿ ಒಂದು ಎಮ್ಮೆ ರಸ್ತೆ ದಾಟುತ್ತಿತ್ತು. ದೂರದಲ್ಲೇ ಇತ್ತು. ಮಾಪಣ್ಣ ನಿಧಾನ ಮಾಡಲು ಬಲಗಾಲು ಎತ್ತಿದ, ಅಷ್ಟೇ. ಎಡಗಾಲು ಅವನನ್ನು ಕೇಳಲಿಲ್ಲ. ಅದು ತಾನಾಗಿ ಎದ್ದು, ಕ್ಲಚ್ ಇರಬೇಕಾದ ಜಾಗಕ್ಕೆ ಹೋಗಿ, ತಳದವರೆಗೆ ತುಳಿಯಿತು. ಅಲ್ಲಿದ್ದದ್ದು ಅಗಲವಾದ ಬ್ರೇಕು.

ಗಾಡಿ ಮೊಳೆ ಹೊಡೆದ ಹಾಗೆ ನಿಂತಿತು. ಶೆಟ್ಟರ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹಿಂದೆ ತಪೇಲಿ ಉರುಳಿ ನೀರೆಲ್ಲ ಕ್ಯಾಬಿನ್ನಿನ ಹಿಂದಿನ ಗಾಜಿಗೆ ಅಪ್ಪಳಿಸಿ, ತೆರೆದಿದ್ದ ಸಂದಿಯಿಂದ ಒಳಗೆ ಬಂದು ಶೆಟ್ಟರ ಅಂಗಿಯ ಬೆನ್ನನ್ನು ಒದ್ದೆ ಮಾಡಿತು. ಎಮ್ಮೆ ತನ್ನ ಪಾಡಿಗೆ ದಾಟಿಹೋಯಿತು.

ಮಾಪಣ್ಣ ಗಾಡಿಯನ್ನು ಅಂಗಳಕ್ಕೆ ವಾಪಸು ತಂದ. ಇಳಿದ ಮೇಲೆ ಕಮಲಾಕ್ಷ ಸಮಾಧಾನ ಹೇಳಿದ. "ಮೊದಲ ಸಲ ಎಲ್ಲರಿಗೂ ಹೀಗೇ ಆಗ್ತದೆ ಶೆಟ್ರೆ. ಎಂಟು ದಿನದಲ್ಲಿ ಕಾಲಿಗೆ ಮರೀತದೆ."

"ಎಂಟು ದಿನ ನನ್ನ ಸಾಂಬಾರು ರಸ್ತೆಗಾ?"

"ಇನ್ನೊಂದ್ ಸಲ ಕೊಡ್ರಿ" ಎಂದ ಮಾಪಣ್ಣ. ಹೆಗಲ ಮೇಲಿನ ಟವೆಲ್ ತೆಗೆದ. "ಎಡಗಾಲು ಸೀಟಿಗಿ ಕಟ್ಟಿ ಹಾಕ್ತೀನಿ. ಏಳೂದೇ ಇಲ್ಲ ಅದು."

ಶೆಟ್ಟರು ಹಣೆ ಒತ್ತಿಕೊಳ್ಳುತ್ತಲೇ ನಕ್ಕರು. "ಕಾಲು ಕಟ್ಟಿಕೊಂಡು ಗಾಡಿ ಓಡಿಸುವವನನ್ನು ಸರ್ಕಸ್‌ಗೆ ಕಳಿಸ್ಬೇಕು ಮಾರಾಯ, ಶೆಟ್ಟಿಯ ಹತ್ತಿರ ಎಂತ ಕೆಲಸ ಅವನಿಗೆ? ನಡಿ, ಹಸಿರು ಗಾಡಿ ತೆಗೆ."

ತಪೇಲಿ ಮತ್ತೆ ತುಂಬಿತು. ಹಸಿರು ಗಾಡಿ ನಿಂತಿದ್ದದ್ದು ಬೇವಿನ ಮರದ ಕೆಳಗೆ. ನೀರಿನ ಮೇಲೆ ಒಂದು ಎಲೆ ಬಿತ್ತು. ಯಾರೂ ತೆಗೆಯಲಿಲ್ಲ.

ಸೀಟಿನಲ್ಲಿ ಕೂತಾಗಲೇ ಮಾಪಣ್ಣ ನಿಶ್ಚಯ ಮಾಡಿಕೊಂಡಿದ್ದ. ಏನೂ ದೊಡ್ಡದು ಬೇಡ. ಒಂದೇ ಒಂದು ಸಲ ಕ್ಲಚ್ಚನ್ನು ಫಟ್ಟನೆ ಬಿಟ್ಟರೆ ಸಾಕು. ಗಾಡಿ ಜರ್ಕು ಹೊಡೆಯುತ್ತದೆ, ನೀರು ಚೆಲ್ಲುತ್ತದೆ. ಎರಡೂ ಗಾಡಿ ಫೇಲ್. ಆಗ ಹೊಸದಾಗಿ ಮಾತು ತೆಗೆಯಬಹುದು, ಎಂಟು ದಿನ ಕೇಳಿಕೊಳ್ಳಬಹುದು.

ಮೊದಲ ಗೇರಿನಲ್ಲಿ ಬಿಡಬೇಕೆಂದುಕೊಂಡ. ಆಗಲಿಲ್ಲ. ಎರಡನೆಯದಕ್ಕೆ ಹಾಕುವಾಗ ಮೊಣಕಾಲಿನಿಂದ ಸೊಂಟದವರೆಗೆ ಕಾದ ಸಲಾಕೆ ಎಳೆದ ಹಾಗಾಯಿತು. ಆದರೂ ಪಾದ ಹಗುರವಾಗಿಯೇ ಎದ್ದಿತು. ಮೂರನೆಯದು. ನಾಲ್ಕನೆಯದು.

"ಗುಡ್ಡದ ಕಡೆ ತಗೋ" ಎಂದರು ಶೆಟ್ಟರು. "ಏರಿನ ಮಧ್ಯ ನಿಲ್ಲಿಸಿ ತೆಗೆ."

ನೀರಿನ ಟ್ಯಾಂಕಿಗೆ ಹೋಗುವ ಏರು ಅದು. ಮಧ್ಯದಲ್ಲಿ ನಿಲ್ಲಿಸಿದ. ಇಲ್ಲಿ ಚೆಲ್ಲಿದರೆ ಯಾರೂ ಬೈಯುವುದಿಲ್ಲ. ಎಂಥ ಡ್ರೈವರಿಗೂ ಚೆಲ್ಲುವ ಜಾಗ. ಬಿಡು, ಈಗ ಬಿಡು ಎಂದು ತನಗೆ ತಾನೇ ಹೇಳಿಕೊಂಡ. ಎಡಗಾಲು ಪೆಡಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲಕ್ಕೆ ಬಿಟ್ಟಿತು. ಇಂಜಿನ್ನಿನ ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲಿ ಒಂದು ಕ್ಷಣ ನಿಂತಿತು. ಗಾಡಿ ಒಂದು ಅಂಗುಲವೂ ಹಿಂದೆ ಜಾರದೆ ಏರು ಹತ್ತಿತು. ಹದಿನಾಲ್ಕು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವನು ಯಾವತ್ತೂ ಗಾಡಿ ಎತ್ತಿರಲಿಲ್ಲ.

ಅಂಗಳದಲ್ಲಿ ಶೆಟ್ಟರು ಮೊದಲು ಇಳಿದು ಹಿಂದೆ ಹೋಗಿ ತಗಡಿನ ಮೇಲೆ ಅಂಗೈ ಆಡಿಸಿದರು. ಕೈಗೆ ಧೂಳು ಹತ್ತಿತು. ಬೇವಿನ ಎಲೆ ನೀರಿನ ನಡುವೆ ಹಾಗೇ ಇತ್ತು.

"ಬಾ ಇಲ್ಲಿ, ಮುಟ್ಟಿ ನೋಡು. ನಿನ್ನ ಕಾಲೇ ಸಾಕ್ಷಿ ಹೇಳ್ತು. ಇದಕ್ಕಿಂತ ಎಂತ ಬೇಕು? ಕಮಲಾಕ್ಷ, ಕಾಗದ ತೆಗಿ."

ಮಾಪಣ್ಣ ಬಲಗಾಲಿನ ಮೇಲೆ ಇಳಿದು ಎಡಗಾಲನ್ನೂ ನೆಲಕ್ಕೆ ಇಟ್ಟ. ಅದು ಅವನ ಭಾರ ಹೊರಲಿಲ್ಲ. ಬಾಗಿಲು ಹಿಡಿದು ಜೋತುಬಿದ್ದ. ಪ್ಯಾಂಟಿನೊಳಗೆ ಮೊಣಕಾಲು ಬಟ್ಟೆ ಬಿಗಿಯುವಷ್ಟು ಊದಿತ್ತು. ಶೆಟ್ಟರು ಹತ್ತಿರ ಬಂದರು. ಕಾಲು ನೋಡಿದರು, ಮುಖ ನೋಡಿದರು.

"ಯಾವತ್ತಿನಿಂದ?"

"ದೀಪಾವಳಿಯಿಂದ."

"ಅದಕ್ಕೆ ಆ ಗಾಡಿ ಬೇಕು ಅಂದದ್ದಾ? ಬಾಯಿ ಇರ್ಲಿಲ್ವಾ ಹೇಳ್ಲಿಕ್ಕೆ?"

"ಈಗ ಹೇಳಿದ್ನಲ್ರೀ" ಎಂದ ಮಾಪಣ್ಣ, ಬಿಳಿ ಗಾಡಿಯ ಕಡೆ ನೋಡಿದ. "ಎಂಟು ದಿನ ಕೊಡ್ರಿ. ನೀರು ತುಂಬ್ಕೊಂಡು ದಿನಾ ಓಡಿಸಿ ಕಲೀತೀನಿ. ಆಮ್ಯಾಗ ಸಾಂಬಾರ್ ಹಾಕ್ರಿ."

ಶೆಟ್ಟರೂ ಬಿಳಿ ಗಾಡಿಯ ಕಡೆ ನೋಡಿದರು. ಕೈ ತಾನಾಗಿ ಹಣೆಯಲ್ಲಿ ಎದ್ದ ಬುಗುಟೆಗೆ ಹೋಯಿತು. ಬೆನ್ನಿನ ಅಂಗಿ ಇನ್ನೂ ಒಣಗಿರಲಿಲ್ಲ. ಆಮೇಲೆ ಮಾಪಣ್ಣನ ಹೆಗಲ ಮೇಲೆ ಕೈ ಇಟ್ಟು ಮೆತ್ತಗೆ ಮಾತಾಡಿದರು.

"ನಿನ್ನನ್ನು ನಾನು ಬಿಡ್ತೇನಾ ಮಾಪಣ್ಣ? ಹಸಿರು ಗಾಡಿಗೆ ಬೇರೆ ಯಾರನ್ನಾದರೂ ನೋಡುವ. ನೀನು ಒಳಗೆ ಬಾ. ಹುಲಗಪ್ಪನ ಪಕ್ಕ ಇನ್ನೊಂದು ತುರಿಮಣೆ ಹಾಕಿಸ್ತೇನೆ. ಬೇಕಾದ್ರೆ ಸ್ಟೂಲ್ ತರಿಸುವ. ಕಾಲು ಚಾಚಿ ಆರಾಮ ಕೂತ್ಕೋ."

ಮಾಪಣ್ಣ ಆ ಕೈಯನ್ನು ಹೆಗಲಿನಿಂದ ತೆಗೆಯಲಿಲ್ಲ. ಅದು ತಾನಾಗಿ ಇಳಿಯುವವರೆಗೆ ಕಾದ. ಆಮೇಲೆ ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟ.

"ಗಾಡಿ ಚಲೋ ಅದ" ಎಂದ. "ಎರಡನೇ ಗೇರು ಜರಾ ಬಿಗಿ. ಹೊಸಬಗ ಹೇಳ್ರಿ."

ಗೇಟಿನ ಕಡೆ ನಡೆದ. ಅಷ್ಟು ತಿಂಗಳು ಶೆಟ್ಟರ ಎದುರಿಗೆ ನೆಟ್ಟಗೆ ನಡೆಯುತ್ತಿದ್ದವನು ಈಗ ಎಡಗಾಲು ಎಳೆಯುತ್ತಾ, ಮುಚ್ಚಿಡದೆ ಹೋದ. ಧೂಳಿನಲ್ಲಿ ಒಂದು ಹೆಜ್ಜೆ, ಒಂದು ಗೆರೆ, ಒಂದು ಹೆಜ್ಜೆ, ಒಂದು ಗೆರೆ.

"ಮಾಪಣ್ಣ" ಎಂದು ಶೆಟ್ಟರು ಕೂಗಿದರು. ಅವನು ತಿರುಗಲಿಲ್ಲ. "ಬರ್ತಾನೆ ಬಿಡು" ಎಂದರು ಕಮಲಾಕ್ಷನಿಗೆ. "ಮೂಗಿನ ತುದಿಯಲ್ಲಿ ಸಿಟ್ಟು ಅವನಿಗೆ. ಬೀಡಿ ಸೇದಿ ಬರ್ತಾನೆ. ಮೂರು ಚಾ ಹೇಳು."

ಮೂರು ಚಹಾ ಬಂತು. ಎರಡು ಖಾಲಿಯಾದವು. ಮೂರನೆಯದರ ಮೇಲೆ ಕೆನೆ ಕಟ್ಟಿತು. ಶೆಟ್ಟರು ಎರಡು ಸಲ ಗೇಟಿನವರೆಗೆ ಹೋಗಿ ರಸ್ತೆ ನೋಡಿ ಬಂದರು. ಪನವೇಲಿನ ಬಸ್ಸು ಹೋಯಿತು, ಠಾಣೆಯ ಬಸ್ಸು ಹೋಯಿತು. ಬಿಸಿಲು ಬೇವಿನ ಮರ ದಾಟಿ ಬಿಳಿ ಗಾಡಿಯ ಮೇಲೆ ಬಂತು.

"ನಾನೇ ಬಿಟ್ಟು ಬರ್ತೇನೆ ನಡೀರಿ" ಎಂದ ಕಮಲಾಕ್ಷ ಕಡೆಗೆ. ಶೆಟ್ಟರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ.

ಹಸಿರು ಗಾಡಿ ಹೊರಟಿತು. ಎರಡನೇ ಗೇರಿಗೆ ಬೀಳುವಾಗ ಕರ್ರೆಂದು ಸದ್ದು ಮಾಡಿ ಜಗ್ಗಿತು. ಹಿಂದೆ ನೀರು ಚೆಲ್ಲಿದ್ದು ಶೆಟ್ಟರಿಗೆ ಕೇಳಿಸಿತು. ಬಸ್ ನಿಲ್ದಾಣ ಬಂದಾಗಲೆಲ್ಲ ಮಾಪಣ್ಣ ಕಾಣುತ್ತಾನೋ ಎಂದು ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಮಹಾಪೆಯಲ್ಲಿ ಚೆಲ್ಲಿತು, ಶೀಲ್ ಫಾಟಾದ ಟ್ರಾಫಿಕ್ಕಿನಲ್ಲಿ ಮತ್ತೆ ಮತ್ತೆ ಚೆಲ್ಲಿತು.

ಡೊಂಬಿವಲಿಯ ಅಡುಗೆಮನೆಯ ಎದುರು ಗಾಡಿ ನಿಂತಿತು. ಹಾರ್ನ್ ಕೇಳಿ ಒಳಗಿನಿಂದ ಹುಲಗಪ್ಪ ಎದ್ದು ಬಂದ, ಕೈಗೆಲ್ಲ ತೆಂಗಿನ ತುರಿ. ಡ್ರೈವರ್ ಸೀಟಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಹಿಂದೆ ಹೋಗಿ ತಪೇಲಿ ಇಳಿಸಿದ. ಅರ್ಧಕ್ಕಿಂತ ಕಡಿಮೆ ನೀರು ಉಳಿದಿತ್ತು. ಬೇವಿನ ಎಲೆ ಅದರಿಂದ ಒಂದು ಗೇಣು ಮೇಲೆ, ಒಣಗಿದ ಸ್ಟೀಲಿಗೆ ಅಂಟಿಕೊಂಡಿತ್ತು.